ಸೊನ್ನೆ ವೋಲ್ಟಿನಲ್ಲಿ

ಅರೆಯನ್ನು ಕರಗಿಸಿ, ಎಳೆದು, ಕೊಯ್ದು, ಮತ್ತೆ ಅರೆದು
ಕನ್ನಡಿ ಮಾಡಿದ್ದು ಈ ಚೂರು.
ಅರೆಮನಸ್ಸಿನದು:
ತಾಮ್ರದ ಹಾಗೆ ಹರಿಯಬಿಡದು, ಗಾಜಿನ ಹಾಗೆ ತಡೆದು ನಿಲ್ಲದು.
ಇದರ ನಡತೆಗೆ ಲೆಕ್ಕ ಬರೆಯುವುದು
ಐದನೇ ಸೆಮಿಸ್ಟರಿನ ನಮ್ಮ ಪಾಡು,
ನಾನು, ಟಾಬೆಯಾ, ಫ್ರೈಬರ್ಗಿನ ಡಿಸೆಂಬರು.

ಈ ಊರಿನ ಅಡಿಯೆಲ್ಲ ಟೊಳ್ಳು.
ಎಂಟುನೂರು ವರ್ಷ ಬೆಳ್ಳಿ ಅಗೆದು ಬಿಟ್ಟುಹೋದ ಬಿಲ.
ಈಗಲೂ ಎದುರಾದವರು 'ಗ್ಲೂಕ್ ಔಫ್' ಅನ್ನುತ್ತಾರೆ,
ಇಳಿದವನೇ, ಜೀವಸಹಿತ ಮೇಲೆ ಬಾ ಅಂತ,
ಕ್ಯಾಂಟೀನಿನಲ್ಲಿ ಆಲೂಗಡ್ಡೆ ಸೂಪು ಬಡಿಸುವಾಗಲೂ.

ಪ್ರಯೋಗ ಏಳು. ಡಯೋಡಿಗೆ ಉಲ್ಟಾ ವೋಲ್ಟೇಜು ಕೊಡಿ.
ಸೋರುವ ಕರೆಂಟು ಅಳೆಯಿರಿ, ಕತ್ತಲಲ್ಲಿ.
ಹಾಳೆಯಲ್ಲಿ ಇರುವುದು ಇಷ್ಟೇ.

ಕಿಟಕಿಗೆ ದಪ್ಪ ಪರದೆ. ಪೆಟ್ಟಿಗೆಯ ಮೇಲೆ ಕರಿ ಬಟ್ಟೆ.
ಸೋಮವಾರ ಮೂರು ಗಂಟೆ: ಹನ್ನೆರಡು ಪಿಕೋ ಆಂಪಿಯರು,
ಪುಸ್ತಕ ಹೇಳಿದಷ್ಟೇ, ಒಂದು ಕೂದಲೆಳೆ ಆಚೀಚೆ.
ಸೋಮವಾರ ಐದು ಗಂಟೆ: ಐವತ್ತು.
ಟಾಬೆಯಾ ಕೇಬಲು ಬದಲಿಸಿದಳು.
ನಾನು ಉಸಿರು ಬಿಗಿಹಿಡಿದು ಆಲ್ಕೋಹಾಲಿನಲ್ಲಿ ಒರೆಸಿದೆ,
ಕೂಸಿನ ಮುಖ ಒರೆಸುವ ಹಾಗೆ.
ಮಂಗಳವಾರವೂ ಅದು ಮೂರಕ್ಕೆ ಸಾಧು, ಐದಕ್ಕೆ ಪೋಕರಿ.
ಸಮೀಕರಣವನ್ನು ಶಪಿಸಿದೆವು, ಅದನ್ನು ಕಂಡುಹಿಡಿದವನನ್ನು,
ಮೆಕ್ಯಾನಿಕಲ್ ಓದುತ್ತ ಈ ಹೊತ್ತಿಗೆ ಬಿಯರು ಕುಡಿಯುತ್ತಿರುವ
ಎಲ್ಲ ಗೆಳೆಯರನ್ನು.

ಬುಧವಾರ, ಸಾಕಾಗಿ, ವೋಲ್ಟೇಜನ್ನು ಸೊನ್ನೆಗೆ ತಿರುಗಿಸಿ
ಕೋಟಿಗೆ ಕೈ ಹಾಕಿದಾಗ
ಮೀಟರು ಇನ್ನೂ ಹೇಳುತ್ತಿತ್ತು: ಮೂವತ್ತೆಂಟು.

ಏನೂ ಕೊಡದೆ ಮೂವತ್ತೆಂಟು!
ಕಾಸೇ ಕೊಡದವನಿಗೆ ಚಿಲ್ಲರೆ ಎಣಿಸಿಕೊಡುವ ಅಂಗಡಿ
ಯಾವ ಪೇಟೆಯಲ್ಲಿದೆ?

"ಬೆಳಕು" ಅಂದಳು ಟಾಬೆಯಾ ಮೆಲ್ಲಗೆ,
ಮನೆಯವನೇ ಕಳ್ಳ ಎಂದು ಗೊತ್ತಾದವಳ ಹಾಗೆ.

ಕಪಾಟಿನ ಮೇಲೆ ಮರದ ಕಮಾನು, ಕಮಾನಿನ ಮೇಲೆ ಏಳು ಬಲ್ಬು.
ಲ್ಯಾಬಿನ ಊಲಿಷ್ ಮೇಡಮ್ಮು ಹಬ್ಬಕ್ಕೆಂದು ಇಟ್ಟದ್ದು;
ನಾಲ್ಕೂವರೆಗೆ ತಾನೇ ಹೊತ್ತಿಕೊಳ್ಳುವ ಟೈಮರು.
ಮೂರು ಸಂಜೆ ನಾವು ಅಂಕಿ ಬರೆದುಕೊಂಡದ್ದೇ
ಅದರ ಬೆಳಕಲ್ಲಿ.
ಕರಿ ಬಟ್ಟೆ ಎತ್ತಿ ಹಿಡಿದರೆ
ನುಸಿ ತಿಂದ ತೂತು, ಎಳ್ಳಿನಷ್ಟು.

ಕರೆಸಿದೆವು. ಬಂದರು. ಸಂಕೋಚದಿಂದ ಹೇಳಿದರು:
ಅಪ್ಪ ಕೊನೆಯ ಪಾಳಿಯವರು.
ಹೊತ್ತು ಹುಟ್ಟುವ ಮುನ್ನ ಇಳಿದು, ಮುಳುಗಿದ ಮೇಲೆ ಏರಿ,
ಚಳಿಗಾಲದಲ್ಲಿ ಅವರಿಗೆ ಸೂರ್ಯ ಬರೀ ಭಾನುವಾರ.
ಅದಕ್ಕೇ ಕಿಟಕಿ ಕಿಟಕಿಗೂ ಇಂಥದೊಂದು,
ದೂರದಿಂದಲೇ ಕಾಣಲಿ ಅಂತ.
ಇಲ್ಲಿ ಪರದೆ ಇತ್ತಲ್ಲ, ಕಪಾಟಿನ ಮೇಲಿಟ್ಟೆ. ಆರಿಸಲೇ?

ಬೇಡ ಅಂದೆವು, ಇಬ್ಬರೂ ಒಟ್ಟಿಗೇ.
ಬಿಸ್ಕತ್ತಿನ ಡಬ್ಬಿಯಿಂದ ಸೂಜಿ ತಂದುಕೊಟ್ಟರು.
ಕರಿ ದಾರ ಇರಲಿಲ್ಲ, ಕೆಂಪು.
ಟಾಬೆಯಾ ಹೊಲಿದಳು, ಹಲ್ಲಲ್ಲಿ ಕಡಿದಳು.

ಹನ್ನೆರಡು.

ಆ ಹನ್ನೆರಡು ಮಾತ್ರ ಯಾವ ಸೂಜಿಗೂ ಬಗ್ಗದು.
ಕೋಣೆ ಬೆಚ್ಚಗಿರುವ ತನಕ
ಕಲ್ಲಿನೊಳಗೆ ಎಲ್ಲೋ ಒಂದು ಬಂಧ ಕಳಚುತ್ತದೆ,
ಎಲೆಕ್ಟ್ರಾನು ಇತ್ತ ಹೊರಡುತ್ತದೆ,
ಅದು ಬಿಟ್ಟ ಖಾಲಿ ಜಾಗ ಅತ್ತ ಹೊರಡುತ್ತದೆ,
ಎರಡೂ ಲೆಕ್ಕಕ್ಕೆ ಸಿಗುತ್ತವೆ.
ಇದಕ್ಕೆ ಪುಸ್ತಕದಲ್ಲಿ ಕತ್ತಲ ಕರೆಂಟು ಎಂದು ಹೆಸರು.
ಓದಿದ್ದೆ, ಅಡಿಗೆರೆ ಹಾಕಿದ್ದೆ. ಗೊತ್ತಿರಲಿಲ್ಲ.

ವರದಿಯಲ್ಲಿ 'ದೋಷದ ಮೂಲ' ಎಂಬಲ್ಲಿ ಎಲ್ಲ ಬರೆದೆವು:
ಏಳು ಬಲ್ಬು, ನುಸಿ, ನಾಲ್ಕೂವರೆ, ಕೆಂಪು ದಾರ.
ಪ್ರೊಫೆಸರ್ ಹೈನಿಷ್ ಒಂದು ಅಂಕ ಕಳೆದು
ಅಂಚಿನಲ್ಲಿ ಗೀಚಿದ್ದರು: ದಾರದ ಬಣ್ಣ ಅನಗತ್ಯ.
ಅದರ ಕೆಳಗೆ, ಪೆನ್ನು ಬದಲಿಸಿ, ಸಣ್ಣಕ್ಷರದಲ್ಲಿ,
ಗ್ಲೂಕ್ ಔಫ್.