ಬಿಚ್ಚಿ ನೋಡುವ ಮುನ್ನ

ನಮ್ಮೂರಲ್ಲಿ ವಿಮಾನ ಇಳಿಯುವುದಿಲ್ಲ.
ಮಧ್ಯಾಹ್ನ ಮೂರರ ಹೊತ್ತಿಗೆ ಒಂದು ಬಿಳಿ ಗೆರೆ
ಮಂಡಕ್ಕಿ ಭಟ್ಟಿಯ ಹೊಗೆ ದಾಟಿ ಬಡಗಲಿಗೆ ಹೋಗುತ್ತದೆ,
ಅಷ್ಟೇ ಅದಕ್ಕೂ ದಾವಣಗೆರೆಗೂ.

ಆದರೂ ಆ ರಾತ್ರಿ
ಹಳೇ ಪಿ.ಬಿ. ರಸ್ತೆಯ ದಾದಾಪೀರ್ ಉಸ್ತಾದರ
ಡೀಸೆಲ್ ಪಂಪಿನ ಅಂಗಡಿಯಲ್ಲಿ ಶಟರು ಅರ್ಧ ಎಳೆದು
ಹತ್ತು ಜನ ಒಂದು ಫೋನಿನೊಳಗೆ ಇಣುಕುತ್ತಿದ್ದೆವು:
ನೆಲ ಬಿಟ್ಟು ಎದ್ದದ್ದು,
ಮೂಗು ಮೇಲಕ್ಕಿದ್ದೂ ಮೈ ಕೆಳಕ್ಕೆ ಜಾರಿದ್ದು,
ಮನೆಗಳ ಹಿಂದೆ ಕಾಣದಾದದ್ದು.
ಆಮೇಲೆ ಹೊಗೆ.
ಅರ್ಧ ನಿಮಿಷ. ಮಿರ್ಚಿ ಒಂದು ಮಗ್ಗುಲು ಬೇಯುವಷ್ಟು.
ಮತ್ತೆ ಹಾಕಿದರು. ಮತ್ತೆ ಎದ್ದಿತು.

'ಪೈಪು ಏರ್ ಹಿಡಿದೈತೆ' ಅಂದ ಓಬಳೇಶ,
ಹದಿನಾರು ಗಾಲಿಯ ಲಾರಿಯವ.
'ದಿಬ್ಬದ ಮ್ಯಾಲೆ ನನ್ ಗಾಡೀನೂ ಹಿಂಗೇ ಉಸಿರು ಕಟ್ತಿತ್ತು.
ಟ್ಯಾಂಕ್ ತುಂಬೈತೆ, ಎಂಜಿನ್‌ಗೆ ಹನಿ ಇಲ್ಲ.'
'ಎರಡು ಎಂಜಿನ್ನೂ ಒಟ್ಟಿಗೇನ್ಲೇ?'
'ಎರಡಕ್ಕೂ ನೀರು ಬೆರೆತ ಎಣ್ಣೆ ಹೋಗಿದ್ರೆ?'

ಪಾಲಿಟೆಕ್ನಿಕ್ಕಿನ ಪಾಲಾಕ್ಷಪ್ಪ ಮೇಷ್ಟ್ರು
ಅಂಗೈ ಚಾಚಿ ಓರೆ ಮಾಡಿದರು.
'ದುರ್ಗದ ಬಸ್ಸಿನ ಕಿಟಕಿಯಾಚೆ ಕೈ ಹಿಡಿದಿದ್ದೀರಲ್ಲ?
ಸ್ವಲ್ಪ ಓರೆಯಾದರೆ ಗಾಳಿ ಎತ್ತುತ್ತದೆ.
ಹೆಚ್ಚಾದರೆ ಬರೀ ಹಿಂದಕ್ಕೆ ತಳ್ಳುತ್ತದೆ.
ರೆಕ್ಕೆಯ ಹಿಂದಿನ ಪಟ್ಟಿ ಬಾಗಿಸಿರಲಿಲ್ಲವೋ,
ಬಿಸಿಲಿಗೆ ಗಾಳಿ ತೆಳ್ಳಗಿತ್ತೋ,
ತೂಕದ ಲೆಕ್ಕದಲ್ಲೆಲ್ಲೋ ಒಂದು ಅಂಕಿ ತಪ್ಪಿತ್ತೋ...'
ಮಾತು ಮುಗಿದ ಮೇಲೂ ಅವರ ಕೈ
ತುಸು ಹೊತ್ತು ಅಲ್ಲೇ ತೇಲಿತು.

ಹಕ್ಕಿ ಅಂದರು ಕುಂದವಾಡ ಕೆರೆ ಕಡೆಯವರೊಬ್ಬರು.
ಕಂಪ್ಯೂಟರ್ ಅಂದ ಮೊಬೈಲ್ ರಿಪೇರಿಯ ಹುಡುಗ,
'ಆಫ್ ಮಾಡಿ ಆನ್ ಮಾಡೋಕೆ ಟೈಮ್ ಸಿಕ್ಕಿಲ್ಲ.'
ಯಾರೂ ನಗಲಿಲ್ಲ. ನಗಲೆಂದು ಅವನೂ ಹೇಳಿರಲಿಲ್ಲ.
ಕೊನೆಗೆ ಯಾರೋ, ಯಾವಾಗಲೂ ಒಬ್ಬ ಯಾರೋ ಇರುತ್ತಾನೆ,
'ಓಡಿಸೋನ್ದೇ ತಪ್ಪು' ಅಂದ.

ಬೆಂಚಿನ ಮೋಟಾರು ನಿಂತಿತು.
ಅಲ್ಲಿವರೆಗೂ ನಮಗೆ ಬೆನ್ನು ಹಾಕಿ
ಆರು ಗಾಜಿನ ಕೊಳವೆಗೆ ಎಣ್ಣೆ ಸಮನಾಗಿ ಬೀಳುತ್ತದೆಯೇ ಎಂದು
ಕನ್ನಡಕ ಹಣೆಗೇರಿಸಿ ನೋಡುತ್ತಿದ್ದ ಉಸ್ತಾದರು
ತಿರುಗದೇ ಕೇಳಿದರು:
'ಬಿಚ್ಚಿ ನೋಡಿದ್ಯಾ?'

ಆಮೇಲೆ ನಾಝಲ್ಲುಗಳ ಹಿಂದಿನಿಂದ ಒಂದು ತಗಡಿನ ಡಬ್ಬಿ,
ಡಬ್ಬಿಯಿಂದ ನನ್ನ ಅಂಗೈಗೆ ಒಂದು ತಾಮ್ರದ ವಾಷರು.
ಎರಡು ರೂಪಾಯಿಯದು. ಕಪ್ಪಾಗಿದೆ.
ಅಂಚಿಗೆ ಕೂದಲೆಳೆಯಷ್ಟು ಸೀಳು.

'ಹಿರಿಯೂರು ದಾಟಿ ಒಂದು ಗಾಡಿ ಉರೀತು.
ನಾನಾಗ ಹೊಸಬ. ಸಾಹುಕಾರ ಕೇಳ್ದ, ಏನಾಗಿತ್ತು?
ನೋಡ್ದೇನೇ ಹೇಳ್ದೆ: ಡ್ರೈವರ್ ಬೀಡಿ ಹಚ್ಚಿರ್ಬೇಕು.
ಸತ್ತವನು ಎದ್ದು ಬಂದು ಇಲ್ಲ ಅಂತಾನಾ?
ಅವನ ಹೆಂಡ್ತಿಗೆ ಒಂದು ಪೈಸೆ ದಕ್ಕಲಿಲ್ಲ.
ದೀಪಾವಳಿ ಕಳೆದ ಮ್ಯಾಲೆ ಆ ಎಂಜಿನ್ ಗುಜರಿಗೆ ಬಂತು,
ಯಾಕೋ ಬಿಚ್ಚಿದೆ. ಎಣ್ಣೆ ಪೈಪಿನ ಬಾಯಾಗೆ ಇದಿತ್ತು.
ಹಾಕಿದ್ದು ಯಾರು ಅಂತ ಮಾತ್ರ ಕೇಳಬ್ಯಾಡ್ರಿ.'

ಕೇಳಲಿಲ್ಲ.
'ಪೆಟ್ಟಿಗೆ ಸಿಗಲಿ,' ಅಂದರು ಮೇಷ್ಟ್ರು ಮೆಲ್ಲಗೆ,
'ಕಪ್ಪು ಅಂತಾರೆ, ಬಣ್ಣ ಕಿತ್ತಳೆಯದು.'
'ಸಿಗಲಿ. ಅದು ಹೇಳ್ಲಿ,' ಅಂದರು ಉಸ್ತಾದರು,
'ನಾವು ಚಹಾ ಕುಡಿಯಾಣ.'
ಯಾರದೋ ಕೈಯಲ್ಲಿ ಫೋನು ತಾನೇ ಮತ್ತೆ ಶುರುವಾಗಿ
ಅದು ಎದ್ದಿತು, ನೋಡುವವರಿಲ್ಲದೆ.

ಎಲ್ಲ ಹೋದ ಮೇಲೆ
ಬೆಳಿಗ್ಗೆ ಒಯ್ಯಲು ಬರುವ ಪಂಪಿನ ಮುಂದೆ ಕೂತು
ಸಂಜೆ ನಾನೇ ಬಿಗಿದಿದ್ದ ನಟ್ಟನ್ನು
ಯಾರೂ ಹೇಳದೆ ಸಡಿಲಿಸಿದೆ.
ವಾಷರು ತೆಗೆದು ಬಲ್ಬಿಗೆ ಹಿಡಿದೆ.
ತಿರುಗಿಸಿ ಇನ್ನೊಮ್ಮೆ ಹಿಡಿದೆ.