ಮೇಕಪ್ಪಿನ ಮೂರನೇ ಅರ್ಥ

ಐರ್ಲೆಂಡಿನ ಡಂಗಾನನ್, ಲೈಬ್ರರಿಯ ಮಹಡಿ,
ಗುರುವಾರ ಸಂಜೆ ಏಳಕ್ಕೆ ಇಂಗ್ಲಿಷು.
ಪೂರ್ವ ಟಿಮೋರಿನಿಂದ ಬಂದ ಹೆಂಗಸರು ನಾವು ಆರು ಮಂದಿ,
ಲಿಥುವೇನಿಯಾದ ಗಂಡ ಹೆಂಡತಿ ಒಂದು ಜೋಡಿ.
ಎಷ್ಟು ಸೋಪು ತಿಕ್ಕಿದರೂ ಬೆರಳ ಸಂದಿಯಲ್ಲಿ
ಹಸಿ ಕೋಳಿಯ ವಾಸನೆ.
ಅಟ್ರಾಕ್ಟಾ ಮೇಡಂ ಕಿಟಕಿ ತೆರೆಯುವುದಿಲ್ಲ,
ಬಿಸ್ಕತ್ತಿನ ಡಬ್ಬಿ ತೆರೆಯುತ್ತಾರೆ.

"ಏನು ಕ್ರ್ಯಾಕ್?" ಅನ್ನುವುದು ಇಲ್ಲಿಯವರ ಕುಶಲಪ್ರಶ್ನೆ.
ಮೊದಲ ಸಲ ಕೇಳಿದಾಗ ಗೋಡೆ ನೋಡಿದ್ದೆ,
ಎಲ್ಲಿ ಬಿರುಕು ಬಿಟ್ಟಿದೆ ಎಂದು.
ಈಗ ಗೊತ್ತು, ಕ್ರ್ಯಾಕ್ ಅಂದರೆ ಸುದ್ದಿ.
ಬಿರುಕೂ ಹೌದು. ಅದನ್ನು ಮೇಡಂಗೆ ನಾನು ಹೇಳಲಿಲ್ಲ.

ಇವತ್ತಿನ ಪಾಠ ಗಾಸಿಪ್.
ಬೀನ್ಸ್ ಚೆಲ್ಲಿದರೆ ಗುಟ್ಟು ರಟ್ಟು,
ಚೀಲದಿಂದ ಬೆಕ್ಕು ಹಾರಿದರೂ ಗುಟ್ಟು ರಟ್ಟು.
"ಇಷ್ಟೊಂದು ದಾರಿಯೇ?" ಅಂದ ಗಿಂತಾರಸ್.
"ಮುಚ್ಚಿಡೋದಕ್ಕೆ ಮಾತ್ರ ಒಂದೇ ಕಣಪ್ಪ,"
ಮೇಡಂ ತುಟಿಯ ಮೇಲೆ ಬೆರಳಿಟ್ಟರು.

ಫಾಲ್ ಔಟ್ ಅಂದರೆ ಹೊರಗೆ ಬೀಳುವುದಲ್ಲ,
ಮಾತು ಬಿಡುವುದು.
ಮೇಕಪ್ಪಿಗೆ ಮೂರು ಅರ್ಥವಂತೆ:
ಮುಖಕ್ಕೆ ಬಳಿದುಕೊಳ್ಳುವುದು,
ಇಲ್ಲದ್ದನ್ನು ಹುಟ್ಟಿಸಿ ಹೇಳುವುದು,
ಮುರಿದ ಮೇಲೆ ಮತ್ತೆ ಕೂಡುವುದು.
ಮೊದಲೆರಡು ನನಗೆ ಬರುತ್ತಿತ್ತು.

ಎರಡು ಕುರ್ಚಿ ಆಚೆ ಇದಾಲಿನಾ.
ಐದು ವಾರವಾಯಿತು.
ಫೋರ್ಕ್‌ಲಿಫ್ಟಿನ ಪೋಲಿಷ್ ಹುಡುಗ ಅವಳನ್ನು
ಕಾರಿನಲ್ಲಿ ಮನೆಗೆ ಬಿಟ್ಟದ್ದು ನಿಜ,
ಅವತ್ತು ಕೊನೆಯ ಬಸ್ಸು ತಪ್ಪಿದ್ದೂ ನಿಜ.
ಉಳಿದದ್ದು ನನ್ನ ಮೇಕಪ್.
ಕ್ಯಾಂಟೀನಿನಲ್ಲಿ ಒಬ್ಬಳ ಕಿವಿಗೆ ಹಾಕಿದೆ, ಅಷ್ಟೇ.
ಬಾಯಿಂದ ಬಾಯಿಗೆ ಕೈಕಾಲು ಮೂಡಿ
ಅದು ಸಮುದ್ರ ದಾಟಿ, ಸುವಾಯ್ ಊರಿನಲ್ಲಿ
ಅವಳ ಅತ್ತೆಯ ಅಂಗಳಕ್ಕೆ ನಡೆದೇ ಹೋಯಿತು.

ಕಾರ್ಖಾನೆಯಲ್ಲಿ ನಿಲ್ಲುವುದು ಅಕ್ಕಪಕ್ಕವೇ.
ಕಿವಿಗೆ ಹಳದಿ ಬಿರಡೆ, ತಲೆಗೆ ನೀಲಿ ಬಲೆ,
ಕಾಲು ಮೇಲಾಗಿ ತೂಗಿ ಬರುವ ಕೋಳಿಗಳು.
ಮಾತು ಬಿಟ್ಟವರೂ ಆಡುವವರೂ
ಅಲ್ಲಿ ಒಂದೇ ಥರ ಕಾಣುತ್ತಾರೆ.

ನಮ್ಮ ತೇತುನ್ ನುಡಿಯಲ್ಲಿ ಭಾವಗಳಿಗೆಲ್ಲ
ಲರನ್ ಬೇಕು, ಅಂದರೆ ಒಳಗು.
ಒಳಗು ಒಳ್ಳೆಯದಾದರೆ ದಯೆ,
ಒಳಗು ನೊಂದರೆ ಹೊಟ್ಟೆಕಿಚ್ಚು.
ಇಂಗ್ಲಿಷಿನ ಜೆಲಸ್‌ಗೆ ಒಳಗೇ ಇಲ್ಲ,
ಖಾಲಿ ಡಬ್ಬಿ, ತಟ್ಟಿದರೆ ಸದ್ದು.
ನನ್ನನ್ನು ಯಾರೂ ಮನೆಗೆ ಬಿಟ್ಟಿರಲಿಲ್ಲ.
ಇಷ್ಟನ್ನು ಹೇಳಲು ಯಾವ ಪದ ಬೇಕೋ
ಅದು ಹಲಗೆಯ ಮೇಲೆ ಇರಲಿಲ್ಲ.

"ಜೋಡಿಯಾಗಿ ಓದಿ," ಮೇಡಂ ಬೆರಳು ತೋರಿದ್ದು ನಮ್ಮಿಬ್ಬರಿಗೆ.
ಪುಸ್ತಕದ ಹುಡುಗಿಯರು ಲೂಸಿ ಮತ್ತು ಕೇಟ್.
ನಾನು ಲೂಸಿ. ಓದಿದೆ:
"ಸಾರಿ, ನಿನ್ನ ಬೆನ್ನ ಹಿಂದೆ ಮಾತಾಡಿದೆ."
ಪರರ ಭಾಷೆಯ ಸಾರಿಗೆ ತೂಕವಿಲ್ಲ ಅಂದುಕೊಂಡಿದ್ದೆ.
ಐದು ವಾರ ಗಂಟಲಲ್ಲಿ ಮೂಳೆಯಾಗಿದ್ದದ್ದು
ನುಣ್ಣಗೆ ಜಾರಿ ಹೊರಬಂತು,
ಬಂದ ಮೇಲೆ ಕೈ ನಡುಗಿತು.

ಕೇಟ್ ಹೇಳಬೇಕಾದದ್ದು ಅಚ್ಚಾಗಿತ್ತು ದಪ್ಪ ಅಕ್ಷರದಲ್ಲಿ:
"ಪರವಾಗಿಲ್ಲ ಬಿಡು, ರಾಜಿಯಾಗೋಣ."
ಇದಾಲಿನಾ ಪುಸ್ತಕ ಮಡಿಸಿದಳು.
"ಮೇಡಂ, ಇದಕ್ಕೆ ಬೇರೆ ಉತ್ತರ ಇದೆಯಾ?"

ಹೀಟರಿನ ಗೊರಗೊರ.
ಮೇಡಂ ಅವಳನ್ನು ನೋಡಿದರು, ನನ್ನನ್ನು ನೋಡಿದರು,
ಹಲಗೆಯ ಮೂಲೆಯಲ್ಲಿ ಬರೆದರು,
ಐ ವಿಲ್ ಥಿಂಕ್ ಅಬೌಟ್ ಇಟ್.
"ಯೋಚನೆ ಮಾಡ್ತೀನಿ. ಇದೂ ಸರಿಯುತ್ತರವೇ."

ಅವಳು ಮೂರು ಸಲ ಹೇಳಿ ಕಲಿತಳು.
ಆ ಥ ಬರಬೇಕಾದರೆ ನಾಲಗೆ ಹಲ್ಲಿನ ನಡುವೆ ಇಣುಕಬೇಕು.
ಇಣುಕಿತು. ಮೂರನೆಯ ಸಲ ನನ್ನ ಕಡೆ ತಿರುಗಿ.

ಮರುದಿನ ಬೆಳಗ್ಗೆ ಆರೂಕಾಲು, ಸಾಲು ಹೊರಟಿತ್ತು.
ಒಂದು ಕಿವಿಯ ಬಿರಡೆ ಕಿತ್ತು
"ನಿನ್ನ ಚಾಕು ಮೊಂಡಾಗಿದೆ," ಅಂದಳು ತೇತುನ್‌ನಲ್ಲಿ,
"ಬದಲಾಯಿಸು, ಕೈ ಕುಯ್ದುಕೊಳ್ತೀಯ."
ಮತ್ತೆ ಬಿರಡೆ ಹಾಕಿಕೊಂಡಳು.