ಯಾವ ಹಸಿರು

ಇಪ್ಪತ್ತಾರು ವರ್ಷ ಬಸ್ಸು ಓಡಿಸಿದವನು ನಾನು,
ಹಬೆ ಅಂದರೆ ಗೊತ್ತು ನನಗೆ:
ತೀಝಿ ಊಝುವಿನ ಏರಿನಲ್ಲಿ ರೇಡಿಯೇಟರ್ ಕೊತಕೊತ ಕುದಿದು
ಬಾನೆಟ್ಟಿನ ಸಂದಿಯಿಂದ ಬುಸ್ಸೆಂದು ಏಳುವ ಬಿಳಿ ಸಿಟ್ಟು.
ಇದು ಬೇರೆ ಹಬೆ.
ಅಡುಗೆಮನೆಯದು, ತಾವುಸಳದು,
ಇದರ ಹತ್ತಿರ ಇಷ್ಟು ದಿನ ನಾನು ಸುಳಿದವನಲ್ಲ.

ಅವಳು ಕಿಟಕಿಯ ಬಳಿ ಕುರ್ಚಿಯಲ್ಲಿ ಕೂತಿದ್ದಾಳೆ,
ಬೆನ್ನ ಹಿಂದೆ ಇನ್ನೂ ಹಿಮ ಕರಗದ ಜುರ್ಜುರಾ.
ಒಂದು ಕಣ್ಣಿಗೆ ನಿನ್ನೆಯ ಆಪರೇಷನ್ನಿನ ಪಟ್ಟಿ,
ಇನ್ನೊಂದಕ್ಕೆ ಇನ್ನೂ ಹಾಲಿನ ಪರದೆ.
ಬಗ್ಗಬಾರದು, ಬೆಂಕಿಯ ಮುಂದೆ ನಿಲ್ಲಬಾರದು,
ಹೊಗೆ ಹಬೆ ಸೋಕಬಾರದು ಅಂದಿದ್ದಾರೆ ಡಾಕ್ಟರಮ್ಮ.
ಬಾಯಿ ಮುಚ್ಚಿರಬೇಕು ಅಂತ ಮಾತ್ರ ಅಂದಿಲ್ಲ.

"ಎಳೆಯ ಕಾಯಿಯಾದರೆ ಸಿಪ್ಪೆ ಸಮೇತ ಹಾಕು.
ನಾರು ತೆಗಿ. ತೆಗೆದೆಯಾ? ಸದ್ದೇ ಕೇಳಲಿಲ್ಲವಲ್ಲ."
ದೊಡ್ಡವರೆಯ ನಾರಿಗೂ ಸದ್ದಿದೆ ಅಂತ
ಗೊತ್ತಾದದ್ದು ಐವತ್ತೆಂಟನೇ ವಯಸ್ಸಿನಲ್ಲಿ.

ದೊಡ್ಡವರೆ, ಬಟಾಣಿ, ಹೆಸರು ಗೊತ್ತಿಲ್ಲದ ಎರಡು ಹಿಡಿ ಸೊಪ್ಪು,
ಬೆಳಿಗ್ಗೆ ದೆಹ್ಬಿಯಾ ಗೋಡೆಯ ಮೇಲಿಂದ ಚಾಚಿದ್ದು,
ಇಬ್ಬನಿ, ಮಣ್ಣು, ಒಂದು ಬಸವನಹುಳು ಸಹಿತ.
ಹುಳುವನ್ನು ಗೋಡೆಯಾಚೆ ವಾಪಸು ಕಳಿಸಿದೆ.

ಕೆಳಗೆ ನೀರಿನ ಪಾತ್ರೆ, ಮೇಲೆ ತೂತಿನ ಪಾತ್ರೆ.
ಹಬೆ ತೂತು ಬಿಟ್ಟು, ಎರಡೂ ಕೂಡುವ ಸಂದಿಯಲ್ಲಿ
ನುಸುಳಿ ಓಡತೊಡಗಿತು, ಟಿಕೆಟ್ಟಿಲ್ಲದ ಹುಡುಗರಂತೆ.
"ಸೋರುತ್ತಿದೆ" ಅಂದಳು, ಇತ್ತ ತಿರುಗದೆಯೇ.
"ಬಟ್ಟೆಯ ಪಟ್ಟಿ ಇದೆ ನೋಡು, ಮೊಳೆಗೆ ತೂಗಿದೆ.
ಹಿಟ್ಟಿನ ನೀರಲ್ಲಿ ಅದ್ದಿ ಸಂದಿಗೆ ಸುತ್ತು."
ಗ್ಯಾಸ್ಕೆಟ್!
ಇವಳೂ ಮೆಕ್ಯಾನಿಕ್ಕೇ, ಮೂವತ್ತು ವರ್ಷದಿಂದ,
ನನಗೊಂದು ಮಾತು ಹೇಳದೆ.
ಸುತ್ತಿದೆ. ಬೆರಳು ಸುಟ್ಟುಕೊಂಡೆ. ಮತ್ತೆ ಸುತ್ತಿದೆ.
ಅವಳಿಗೊಂದು ಪಟ್ಟಿ, ಪಾತ್ರೆಗೊಂದು ಪಟ್ಟಿ,
ಮನೆಯಲ್ಲೀಗ ಏನೂ ಸೋರುತ್ತಿಲ್ಲ.

"ಎಷ್ಟು ಹೊತ್ತು?" ಕೇಳಿದೆ ಗಡಿಯಾರ ನೋಡುತ್ತ,
ಹೊರಡುವ ವೇಳೆಯಲ್ಲೇ ಬದುಕಿದವನು.
"ಹೊತ್ತಲ್ಲ. ಮುಚ್ಚಳ ತೆಗೆದು ಹೇಳು, ಹಸಿರಾಗಿದೆಯಾ?"
"ಮೊದಲೂ ಹಸಿರೇ ಇತ್ತಲ್ಲ."
"ಯಾವ ಹಸಿರು?"

ಯಾವ ಹಸಿರು.
ಹೊಸ ಬಸ್ಸಿನ ಬಣ್ಣವೇ? ಅಲ್ಲ, ಅದು ಬರೀ ಮೇಲಿನದು.
ಮಸೀದಿಯ ಬಾಗಿಲು? ಔಷಧದಂಗಡಿಯ ದೀಪ?
"ಒಳಗಿಂದ ಯಾರೋ ಹಚ್ಚಿಟ್ಟ ಹಾಗಿದೆ" ಅಂದೆ ಕೊನೆಗೆ,
"ಮಳೆ ನಿಂತು ಬಿಸಿಲು ಬಿದ್ದ ಗೋಧಿ ಹೊಲ.
ತಿರುವಿನಲ್ಲಿ ಬ್ರೇಕ್ ಒತ್ತಿ ಅರೆಗಳಿಗೆ ನೋಡಿದ್ದೆ ಒಮ್ಮೆ,
ಹಿಂದಿನ ಸೀಟಿನವರು ಬೈದಿದ್ದರು."

"ಇಳಿಸು" ಅಂದಳು. "ಇನ್ನೊಂದು ನಿಮಿಷ ಬಿಟ್ಟರೆ
ಆಲಿವ್ ಎಲೆಯ ಬೆನ್ನಾಗುತ್ತದೆ."
ಆಮೇಲೆ, ರೇಡಿಯೋದಲ್ಲಿ ಹವಾಮಾನ ಹೇಳುವವರ ದನಿಯಲ್ಲಿ:
"ಮೂರು ವರ್ಷವಾಯಿತು, ಮೊಕ್ರಾನ್.
ನನಗೆ ಎಲ್ಲ ಹಸಿರೂ ಒಣಹುಲ್ಲೇ."

ಮೂರು ವಸಂತ ಇದೇ ತಟ್ಟೆ ನನ್ನ ಮುಂದಿಟ್ಟಿದ್ದಳು,
ಒಮ್ಮೆಯೂ ಹದ ತಪ್ಪಿರಲಿಲ್ಲ.
ಕಣ್ಣಳತೆ ಅಂದುಕೊಂಡಿದ್ದೆ ನಾನು.
"ಮೂಗು" ಅಂದಳು.
ಹಸಿ ವಾಸನೆ ಹೊರಟು, ಹೊಲ ಇನ್ನೂ ಹೊರಡದ
ಒಂದು ಗಳಿಗೆ ಇರುತ್ತದಂತೆ,
ಹಸಿಗೂ ಬೆಂದದ್ದಕ್ಕೂ ನಡುವೆ.
ಅಲ್ಲೇ ನಿಂತಿರುತ್ತದೆ ಹಸಿರು,
ಸ್ಟಾಪಿನಲ್ಲಿ ಒಬ್ಬಳೇ ಕಾಯುವ ಮುದುಕಿಯಂತೆ.
ಕೈ ಅಡ್ಡ ಹಾಕುವುದಿಲ್ಲ. ನಾವೇ ನಿಲ್ಲಿಸಬೇಕು.

"ಹೇಳಬಾರದಿತ್ತೇ?"
"ಹೇಳಿದ್ದರೆ ನೀನು ಅಡುಗೆ ಮಾಡುತ್ತಿದ್ದೆ" ಅಂದು ನಕ್ಕಳು.
ನಗಬಾರದು ಅಂದಿದ್ದರೋ ಏನೋ, ಕೇಳಿಕೊಂಡಿಲ್ಲ.

ಕುಸ್ಕುಸ್ ಜೊತೆ ಕಲಸಿ, ಎಣ್ಣೆ ಸುರಿದು,
ಬೇಯಿಸಿದ ಮೊಟ್ಟೆ ಎರಡು ಹೋಳು ಮಾಡಿಟ್ಟೆ.
ಒಂದು ಕಾಳು ನಾಲಿಗೆಯ ಮೇಲಿಟ್ಟು ತುಂಬ ಹೊತ್ತು ಸುಮ್ಮನಿದ್ದಳು.
ಹೊಗಳುತ್ತಾಳೆ ಅಂದುಕೊಂಡೆ.
"ಉಪ್ಪು" ಅಂದಳು.

ಪಾತ್ರೆ ತೊಳೆದ ಮೇಲೆ, ಬೇಯಿಸದೆ ಉಳಿಸಿದ ಎಂಟು ಕಾಯಿ
ಒದ್ದೆ ಬಟ್ಟೆಯಲ್ಲಿ ಸುತ್ತಿ ಕಿಟಕಿಯ ಕಟ್ಟೆಗಿಟ್ಟೆ.
ನಾಳೆ ಹತ್ತು ಗಂಟೆಗೆ ಪಟ್ಟಿ ಬಿಚ್ಚುತ್ತಾರೆ.
"ಏನು ಎತ್ತಿಟ್ಟೆ?"
"ಸಿಪ್ಪೆ. ದೆಹ್ಬಿಯಾಳ ಮೇಕೆಗೆ."
ಅವಳ ಮೂಗಿನ ಹೊಳ್ಳೆ ಒಮ್ಮೆ ಅರಳಿತು.
ಏನೂ ಹೇಳಲಿಲ್ಲ.